ಟವೆಲ್ಲಿನ ಕೆಳಗಿನ ತಾಳ

ಅಮರಗೋಳದ ಮಾರುಕಟ್ಟೆಯಲ್ಲಿ ನನ್ನ ಹೆಗಲು ಖಾಲಿ ಇರುವುದನ್ನು ಕಂಡವರೆಲ್ಲ ಒಂದು ಸಲ ನಿಂತು ವಿಚಾರಿಸುತ್ತಾರೆ. "ಯಾಕ್ರಿ ಬಸಣ್ಣಾ, ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?" ಎನ್ನುತ್ತಾರೆ. ಮೆಣಸಿನಕಾಯಿ ದಲಾಲಿಯ ಹೆಗಲ ಮೇಲೆ ಟವೆಲ್ಲು ಇಲ್ಲವೆಂದರೆ ಏನೋ ಅನಾಹುತ ಆಗಿರಬೇಕೆಂದು ಅವರ ಅಂದಾಜು. ಆಗಿರುವುದು ಇಷ್ಟೇ: ಕೆಂಪು ಅಂಚಿನ ಆ ಟವೆಲ್ಲು ಈಗ ನನ್ನ ಅಕ್ಕನ ಮಗಳ ಹತ್ತಿರ ಇದೆ. ಅವಳು ನಿಂತು ವಾಯೊಲಿನ್ನು ಬಾರಿಸುವಾಗ ಗದ್ದಕ್ಕೂ ಕಟ್ಟಿಗೆಗೂ ನಡುವೆ ಮೆತ್ತೆ ಮಾಡಿ ಇಟ್ಟುಕೊಳ್ಳುತ್ತಾಳೆ. ಮೊನ್ನೆ ಬಂದ ಅವಳ ಆಲ್ಬಮ್ಮಿನ ಚಿತ್ರದಲ್ಲಿ ಅವಳ ಮುಖಕ್ಕಿಂತ ಟವೆಲ್ಲೇ ಸ್ಪಷ್ಟವಾಗಿ ಬಂದಿದೆ. ಒಂದು ಮೂಲೆಯ ಚಹಾದ ಕಲೆ ಕೂಡ ಕಾಣುತ್ತದೆ. ಮುಂಚೆ ಹೇಳಿದ್ದರೆ ಒಗೆಸಿ ಕೊಡುತ್ತಿದ್ದೆ.

ಟವೆಲ್ಲೆಂದರೆ ಮೈ ಒರೆಸುವ ಬಟ್ಟೆ ಎಂದು ತಿಳಿದವರು ನನ್ನ ಈ ಮಾತು ಕೇಳಬೇಕು. ನಾನು ಧಂದೆಗೆ ಇಳಿದ ಕಾಲಕ್ಕೆ ಟವೆಲ್ಲೇ ಒಂದು ಅಂಗಡಿ. ಮಾರುವವನೂ ಕೊಳ್ಳುವವನೂ ಎದುರುಬದುರು ಕುಳಿತು, ಕೈಗಳ ಮೇಲೆ ಟವೆಲ್ಲು ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಧಾರಣೆ ಹೇಳುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು, ಇಡೀ ಪಂಜ ಹಿಡಿದರೆ ಐದು. ಬಾಯಲ್ಲಿ ಮಳೆ-ಬೆಳೆಯ ಮಾತು, ಕೆಳಗೆ ಬೆರಳುಗಳ ಕುಸ್ತಿ. ಸುತ್ತ ನಿಂತವರಿಗೆ ಏನೂ ತಿಳಿಯದು. ಈಗ ಧಾರಣೆ ಕಂಪ್ಯೂಟರಿನ ಪರದೆಯ ಮೇಲೆ ಬೀಳುತ್ತದೆ. ಟವೆಲ್ಲು ಬರೀ ಶೋಭೆಗೆ ಉಳಿದಿದೆ, ನನ್ನ ಹಾಗೆ.

ಈ ವಿದ್ಯೆ ನನಗೆ ಬಂದದ್ದು ಅಪ್ಪನಿಂದ. ದನದ ಸಂತೆಗೆ ನನ್ನನ್ನು ಕರೆದುಕೊಂಡು ಹೋಗಿ, ಎತ್ತುಗಳ ಹಿಂದೆ ನಿಲ್ಲಿಸಿ, ಎತ್ತನ್ನು ನೋಡಬೇಡ, ಮನುಷ್ಯರ ಮುಖ ನೋಡು ಎನ್ನುತ್ತಿದ್ದ. ನೋಡಿದರೆ ಯಾರ ಮುಖದಲ್ಲೂ ಏನೂ ಇರುತ್ತಿರಲಿಲ್ಲ. "ಅದನ್ನ ಕಲೀಬೇಕು ನೋಡು" ಎಂದು ಅಪ್ಪ ಹೇಳುತ್ತಿದ್ದ. "ವಸ್ತ್ರದ ಕೆಳಗ ಏನರ ಆಗಲಿ, ಮಾರಿಗೆ ಸುದ್ದಿ ಮುಟ್ಟಬಾರದು." ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ ಹೆಣ್ಣು ನೋಡಲು ಹೋದಾಗಲೂ ಅದೇ ಮುಖ ಇಟ್ಟುಕೊಂಡು ಕುಳಿತೆ. ಈ ಗಂಡಿಗೆ ತಾನು ಮನಸ್ಸಿಗೆ ಬಂದಿಲ್ಲ ಎಂದುಕೊಂಡ ಹುಡುಗಿ ಎರಡನೆಯ ಸಲ ಉಪ್ಪಿಟ್ಟು ಬಡಿಸಲು ಹೊರಗೇ ಬರಲಿಲ್ಲ. ಅವಳೇ ಹೆಂಡತಿಯಾಗಿ ಬಂದರೂ ಆ ಉಪ್ಪಿಟ್ಟಿನ ವಿಷಯ ನಮ್ಮ ಮನೆಯಲ್ಲಿ ಇವತ್ತಿಗೂ ಇತ್ಯರ್ಥವಾಗಿಲ್ಲ. ಮದುವೆಯಾಗುವ ಹುಡುಗರಿಗೆ ನನ್ನ ಸಲಹೆ: ಅಂಗಡಿಯ ಮುಖವನ್ನು ಅಂಗಡಿಯಲ್ಲೇ ಬಿಟ್ಟು ಹೋಗಿ.

ಸಂಗೀತಕ್ಕೂ ನಮಗೂ ಸಂಬಂಧವಿಲ್ಲ ಅಂತಲ್ಲ. ಚಿಕ್ಕಂದಿನಲ್ಲಿ ಅಪ್ಪ ನನ್ನನ್ನೂ ಅಕ್ಕನನ್ನೂ ಒಟ್ಟಿಗೇ ಹಾಡಿನ ಮಾಸ್ತರರ ಕಡೆ ಹಾಕಿದ. ಇಬ್ಬರನ್ನು ಹಾಕಿದರೆ ಫೀ ಕಡಿಮೆ ಎಂಬುದು ಅದರ ಹಿಂದಿನ ವಿಚಾರ. ಅಕ್ಕ ಕಣ್ಣು ಮುಚ್ಚಿ ಸ್ವರ ಹಿಡಿದರೆ ಮಾಸ್ತರರೂ ಕಣ್ಣು ಮುಚ್ಚುತ್ತಿದ್ದರು. ನಾನು ಹಿಡಿದರೆ ತೆರೆಯುತ್ತಿದ್ದರು. ನನ್ನ ಸ್ವರ ಯಾವಾಗಲೂ ಒಂದೆಳೆ ಕೆಳಗೇ ನಿಲ್ಲುತ್ತಿತ್ತು. ಒಂದು ದಿನ ಅಪ್ಪನನ್ನು ಕರೆಸಿ ಹೇಳಿದರು: "ನಿಮ್ಮ ಹುಡುಗನ್ನ ಪ್ಯಾಟಿಗೆ ಹಾಕ್ರಿ. ಇಂವ ಪ್ರತಿ ಸ್ವರಕ್ಕೂ ಒಂಚೂರು ಕಡಿಮಿ ಮಾಡಿ ಕೇಳತಾನ." ಅಪ್ಪನಿಗೆ ಇದು ದೂರು ಎಂದು ತಿಳಿಯಲೇ ಇಲ್ಲ. ಬರುವಾಗ ದಾರಿಯಲ್ಲಿ ಪೇಢೆ ಕೊಡಿಸಿದ.

ಹೀಗೆ ನಾನು ಪೇಟೆಗೆ ಬಂದೆ, ಅಕ್ಕ ವೇದಿಕೆಗೆ ಹೋದಳು. ಊರೂರಿನವರು ಕರೆಸಿಕೊಂಡು ಹಾಡಿಸಿದರು. ಆಮೇಲೆ ಗಂಟಲಿನ ಆಪರೇಷನ್ ಆಯಿತು. ದನಿಯ ಮೇಲೆ ಗೆರೆ ಎಳೆದಂತೆ ಒಂದು ಒಡಕು ಬಂತು. ಅಂದಿನಿಂದ ಅವಳು ಮಾಳಮಡ್ಡಿಯ ಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಾಳೆ, ತಾನು ಹಾಡುವುದಿಲ್ಲ. ಮೊದಲ ಶಿಷ್ಯೆ ಮಗಳೇ. ಹೆಸರು ಗಂಗಾಂಬಿಕಾ. ಹಾಡು ಅಕ್ಕನಿಂದ ಬಂತು, ವಾಯೊಲಿನ್ನು ಬೇರೊಬ್ಬ ಗುರುಗಳಿಂದ. ಎರಡೂ ಕೈಗೆ ಹತ್ತಿದ ಮೇಲೆ ಆ ಹುಡುಗಿ ವಾಯೊಲಿನ್ನಿಗೆ ಕರೆಂಟಿನ ತಂತಿ ಹಚ್ಚಿದಳು. ಹೆಸರನ್ನು 'ಗಂಗಿ' ಎಂದು ಕತ್ತರಿಸಿಕೊಂಡಳು. ಹೆಸರಿನ ವಿಷಯದಲ್ಲಿ ನಾನು ಅವಳ ಪರ. ಚೀಲದ ಮೇಲೆ ಬರೆಯುವ ಹೆಸರು ಮೋಟಾಗಿದ್ದಷ್ಟು ಲೇಸು. ಅಕ್ಕ ಮಾತ್ರ, "ಕರೆಂಟ್ ಹೋದ್ರ ನಿಂದರೋ ಸಂಗೀತ ಎಂಥಾದ್ದವಾ" ಎಂದಳು. ಮಗಳು, "ಗಂಟಲ ಹೋದ್ರ ನಿಂದರೋದು?" ಎಂದುಬಿಟ್ಟಳು. ಅಷ್ಟೇ. ಅಂದಿನಿಂದ ಒಂದೇ ಸೂರಿನ ಕೆಳಗೆ ಇಬ್ಬರೂ ಹಾಲು, ಕಾಯಿಪಲ್ಯ, ಗ್ಯಾಸ್ ಸಿಲಿಂಡರ್ ಎಲ್ಲದರ ಬಗ್ಗೆ ಮಾತಾಡುತ್ತಾರೆ. ಸಂಗೀತದ ಬಗ್ಗೆ ಇಲ್ಲ.

ರಾಯಾಪುರದಲ್ಲಿ ನನ್ನದೊಂದು ಹಳೆಯ ಗೋದಾಮು ಇದೆ. ಮೆಣಸಿನಕಾಯಿ ಇಡುತ್ತಿದ್ದದ್ದು ಖಾಲಿ ಬಿದ್ದಿತ್ತು. ಗಂಗಿಯೂ, ಧ್ವನಿಮುದ್ರಣದ ಕೆಲಸ ಬಲ್ಲ ಅವಳ ಗೆಳೆಯ ಇಮ್ತಿಯಾಜನೂ ಅದನ್ನು ಸ್ಟುಡಿಯೋ ಮಾಡಿಕೊಂಡರು. ಗೋಡೆಗೆಲ್ಲ ಹತ್ತಿ ತುಂಬಿದ ಗೋಣಿಚೀಲ ಹೊಲಿದು ಹಾಕಿದ್ದಾರೆ, ಹೊರಗಿನ ಲಾರಿಯ ಸದ್ದು ಒಳಗೆ ಬರಬಾರದೆಂದು. ಆದರೆ ಮೆಣಸಿನಕಾಯಿಯ ಘಾಟು ಎಲ್ಲಿ ಹೋಗುತ್ತದೆ? ಒಳಗೆ ಬಂದವರು ಮೊದಲು ಸೀನುತ್ತಾರೆ, ಆಮೇಲೆ ನಮಸ್ಕಾರ ಅನ್ನುತ್ತಾರೆ.

ಆ ಸೀನೇ ಆಲ್ಬಮ್ಮಿಗೆ ಮೂಲವಾಯಿತು ಎಂದರೆ ನೀವು ನಂಬಲಿಕ್ಕಿಲ್ಲ. ಒಂದು ಬೆಳಿಗ್ಗೆ ಗಂಗಿ ಮಾರುಕಟ್ಟೆಗೆ ಬಂದಳು, ಕೈಯಲ್ಲಿ ರೋಮದ ಗವಸು ಹಾಕಿದ ಮೈಕು. ಹಮಾಲರು ಅದನ್ನು ಬೆಕ್ಕಿನ ಮರಿ ಎಂದು ತಿಳಿದು ಹಾಲು ತರಲೇ ಎಂದು ಕೇಳಿದರು. ಅವಳು ತಕ್ಕಡಿ ಬಡಿಯುವುದನ್ನೂ, ಹೆಂಗಸರು ಮೆಣಸಿನಕಾಯಿ ಆರಿಸುವಾಗಿನ ಸರಬರ ಸದ್ದನ್ನೂ, ಚೀಲ ಎತ್ತುವಾಗಿನ ಹುಂಕಾರವನ್ನೂ, ಸಾಲುಸಾಲು ಸೀನುಗಳನ್ನೂ ಹಿಡಿದುಕೊಂಡು ಹೋದಳು. ವಾರದ ಮೇಲೆ ಗೋದಾಮಿಗೆ ಕರೆದು ಕೇಳಿಸಿದಳು. ಸೀನುಗಳು ಡೋಲಿನಂತೆ ಲಯದಲ್ಲಿ ಬೀಳುತ್ತಿದ್ದವು. ಮೇಲೆ ವಾಯೊಲಿನ್ನು, ಅದರ ಮೇಲೆ ಇವಳ ಆಲಾಪ.

"ಇದೇನವಾ ಗಂಗಿ?"

"ಕುಣಿಯೋ ಸಂಗೀತ ಮಾಮಾ. ಪ್ರಯೋಗ ಮಾಡಾಕತ್ತೇನಿ."

"ಇದಕ್ಕ ಯಾರು ಕುಣೀತಾರ?"

"ನೀವ ಕುಣೀತೀರಿ, ನೋಡ್ತಿರ್ರಿ."

"ನಾ ನನ್ನ ಮದುವಿ ಮೆರವಣಿಗ್ಯಾಗೂ ಕುಣಿದಾಂವ ಅಲ್ಲ."

"ಅದಕ್ಕ ಅತ್ತಿ ಇನ್ನೂ ಸಿಟ್ಟಿನ್ಯಾಗ ಅದಾರ."

ನಾನು ಒಂದಿಷ್ಟು ಸಲಹೆ ಕೊಟ್ಟೆ. ಚೀಲದ ಬಾಯಲ್ಲಿ ಕೆಂಪನೆಯ ಕಾಯಿ ಇರಬೇಕು, ಕಲೆ ಬಿದ್ದದ್ದು ತಳದಲ್ಲಿ. ಹಾಗೆಯೇ ಕೇಳಲು ಸುಲಭವಾದ ಹಾಡು ಮೊದಲು, ಸೀನು ಕೊನೆಗೆ. ಅವಳು ಗಂಭೀರವಾಗಿ ಗೋಣು ಹಾಕುತ್ತ ಕೇಳಿದಳು, ಆಮೇಲೆ ಸೀನನ್ನೇ ಮೊದಲು ಹಾಕಿದಳು. ಸಲಹೆ ಕೊಡುವವರು ಇದಕ್ಕೆಲ್ಲ ಬೇಸರ ಮಾಡಿಕೊಳ್ಳಬಾರದು. ಕೊಡುವುದಷ್ಟೇ ನಮ್ಮ ಕೆಲಸ.

ಎಲ್ಲ ಮುಗಿಯುತ್ತ ಬಂದಾಗ ಒಂದು ಹಾಡು ಅಡ್ಡ ನಿಂತಿತು. ಗಂಗಿಯನ್ನು ಮಲಗಿಸಲು ಅಕ್ಕ ಹಾಡುತ್ತಿದ್ದ ಜೋಗುಳ ಅದು. ಹಳೆಯ ಕ್ಯಾಸೆಟ್ಟೊಂದರಲ್ಲಿ ಅಕ್ಕನ ದನಿಯಲ್ಲೇ ಇತ್ತು. ಮಗಳು ಅದರ ಸುತ್ತ ವಾಯೊಲಿನ್ನು ಕಟ್ಟಿದ್ದಳು. ಆದರೆ ಅವ್ವನನ್ನು ಕೇಳದೆ ಹಾಕಲು ಮನಸ್ಸಿಲ್ಲ.

"ಅದೊಂದ ಬಿಟ್ಟು ಉಳದದ್ದು ಹೊರಗ ಹಾಕವಾ" ಎಂದೆ.

"ಅದನ್ನ ಬಿಟ್ರ ಬರೀ ಸೀನು ಉಳೀತಾವ ಮಾಮಾ. ಅವ್ವ ಹೂಂ ಅನ್ನದ ಈ ಆಲ್ಬಮ್ಮ ನಾ ಹೊರಗ ಬಿಡಾಂಗಿಲ್ಲ."

"ಹಂಗಾರ ಕೇಳು."

"ನಾವು ಸಿಲಿಂಡರಿನ ಬಗ್ಗೆ ಅಷ್ಟ ಮಾತಾಡ್ತೇವ್ರಿ."

ಎರಡು ವರ್ಷದ ಅವಳ ದುಡಿಮೆ ಅಕ್ಕನ ಒಂದು 'ಹೂಂ'ಗೆ ನಿಂತಿತ್ತು. ಇಂಥ ಜಾಗದಲ್ಲಿ ದಲಾಲಿ ಸುಮ್ಮನೆ ಕೂರುವುದು ಧರ್ಮವಲ್ಲ. ನಾ ಮಾತಾಡಿ ಮುಗಿಸ್ತೇನಿ ಬಿಡು ಎಂದೆ. ಇಮ್ತಿಯಾಜ್ ಮೂಲೆಯಿಂದ, "ಕಾಕಾ, ಸ್ವಲ್ಪ ಹಗೂರಕ" ಎಂದ. ಅವನಿಗೆ ನನ್ನ ಅನುಭವದ ಅಳತೆ ಗೊತ್ತಿಲ್ಲ.

ವ್ಯವಹಾರದ ಮೊದಲ ಸೂತ್ರವನ್ನು ನೀವೂ ಬರೆದಿಟ್ಟುಕೊಳ್ಳಿ: ಹತ್ತು ಬೇಕಾದರೆ ಹದಿನಾರು ಕೇಳು. ಎದುರಿನವನು ಹದಿನಾರಕ್ಕೆ ಹೌಹಾರುತ್ತಾನೆ, ಹತ್ತಕ್ಕೆ ಉಪಕಾರ ಮಾಡಿದವನ ಹಾಗೆ ಒಪ್ಪುತ್ತಾನೆ. ನಮಗೆ ಬೇಕಾದದ್ದು ಕ್ಯಾಸೆಟ್ಟು. ಆದ್ದರಿಂದ ಅಕ್ಕ ಎಂದೂ ಒಪ್ಪದಂಥದ್ದನ್ನು ಮೊದಲು ಕೇಳಬೇಕು.

ಮಾಳಮಡ್ಡಿಗೆ ಹೋದಾಗ ಅಕ್ಕ ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದಳು. ನನ್ನ ಮುಂದೆಯೂ ಒಂದು ಸೂಡು ಸೊಪ್ಪು ಇಟ್ಟಳು. ಅಲ್ಲಿ ಯಾರೂ ಸುಮ್ಮನೆ ಕೂರುವಂತಿಲ್ಲ.

"ಅಕ್ಕಾ, ಗಂಗಿ ಒಂದು ಮಾತು ಕೇಳ್ಯಾಳ."

"ಯಾಕ, ಆಕಿಗೆ ಬಾಯಿಲ್ಲೇನು?"

"ಐತಿ. ನಿನ್ನಷ್ಟ ಐತಿ. ಅದಕ್ಕ ನನ್ನ ಕಳಿಸ್ಯಾಳ."

ಅಕ್ಕ ಒಂದು ಹಳದಿ ಎಲೆ ತೆಗೆದು ಬದಿಗಿಟ್ಟಳು. ನಾನು ಹದಿನಾರು ಕೇಳಿದೆ: "ಆಕಿ ಆಲ್ಬಮ್ಮಿನ್ಯಾಗ ಆ ಜೋಗುಳಾ ನೀ ಹೊಸದಾಗಿ ಹಾಡಬೇಕಂತ. ರಾಯಾಪುರಕ್ಕ ಬಂದು, ಆ ಮಷೀನ್ ಬಡಿತದ ಕೂಡ."

ಈಗ 'ಹುಚ್ಚು ಹಿಡದೈತೇನೋ ಆಕಿಗೆ' ಎನ್ನುವ ಮಾತು ಬರಬೇಕಿತ್ತು. ಬರಲಿಲ್ಲ. ಅಕ್ಕನ ಕೈ ಸೊಪ್ಪಿನ ಮೇಲೆಯೇ ನಿಂತಿತು. ಧಂದೆಯಲ್ಲಿ ಎಂದೂ ಮಾಡಬಾರದ ತಪ್ಪು ಮಾಡಿದೆ. ಅವಳು ಬಾಯಿ ಬಿಡುವ ಮೊದಲೇ ನಾನೇ ಇಳಿದೆ.

"ಅದು ಆಗಲಿಲ್ಲಂದ್ರ ಆ ಹಳೇ ಕ್ಯಾಸೆಟ್ಟರ..."

"ಕ್ಯಾಸೆಟ್ಟು ಬ್ಯಾಡ."

"ಅಲ್ಲಕ್ಕಾ..."

"ಅದರಾಗ ಗಾಂಧಾರ ಸ್ವರ ಒಂಚೂರು ಇಳದೈತಿ. ಅದನ್ನ ಮಂದಿ ಮುಂದ ಇಡಬಾರದು. ಯಾವಾಗ ಬರಬೇಕು?"

"ಎಲ್ಲಿಗೆ?"

"ರಾಯಾಪುರಕ್ಕೋ. ಈಗ ನೀನ ಹೇಳಿದಿ."

ನನ್ನ ಜೀವಮಾನದಲ್ಲಿ ಹದಿನಾರಕ್ಕೆ ಒಪ್ಪಿದ ಗಿರಾಕಿಯನ್ನು ನೋಡಿದ್ದು ಅದೇ ಮೊದಲು. ಅಂಥವರ ಮುಂದೆ ಏನು ಮಾಡಬೇಕೆಂದು ಅಪ್ಪ ಹೇಳಿಕೊಟ್ಟಿರಲಿಲ್ಲ. ನನ್ನ ಬೇಡಿಕೆಯನ್ನು ನಾನೇ ಕೆಳಗೆ ಎಳೆಯತೊಡಗಿದೆ. ನಿನಗ ತ್ರಾಸ ಆಕ್ಕೈತಿ ಎಂದೆ. ನಿನ್ನ ಗಂಟಲಾ ಎಂದೆ. "ನನ್ನ ಗಂಟಲದ ಧಾರಣಿ ನೀ ಕಟ್ಟಬ್ಯಾಡ" ಎಂದಳು. ಅಲ್ಲಿ ಮೆಣಸಿನಕಾಯಿ ಘಾಟು ಐತಿ ಎಂದೆ. "ನಿನ್ನ ಜೋಡಿ ಬೆಳದಾಕಿ ನಾ, ನನಗ ಘಾಟು ಹೊಸಾದಲ್ಲ" ಎಂದಳು. ಆಮೇಲೆ ಸೊಪ್ಪಿನ ಕಡೆ ನೋಡುತ್ತಲೇ ಸಣ್ಣ ದನಿಯಲ್ಲಿ ಕೇಳಿದಳು:

"ಬಸು, ಆಕಿನ ಕೇಳ್ಯಾಳಲ್ಲ? ಖರೇ?"

ಗಂಗಿ ಕೇಳಿದ್ದು ಕ್ಯಾಸೆಟ್ಟನ್ನು. ಅವ್ವ ಬಂದು ಹಾಡಲಿ ಎಂದು ಅವಳು ಹೇಳಿರಲಿಲ್ಲ. ನಾನು ಸಂತೆಯ ಮುಖ ಮಾಡಿಕೊಂಡು, "ಖರೇ" ಎಂದೆ.

"ಬಾಯಿಬಿಟ್ಟು?"

"ಬಾಯಿಬಿಟ್ಟು."

ಅಕ್ಕ ನನ್ನ ಮುಂದಿನ ಸೂಡನ್ನೂ ತಾನೇ ಎಳೆದುಕೊಂಡು ಸೋಸತೊಡಗಿದಳು. ಅದೇ ನನಗೆ ಸಿಕ್ಕ ಕಮಿಷನ್ನು.

ಇನ್ನು ಗಂಗಿಗೆ ಹೇಳಬೇಕಲ್ಲ. ಸೂತ್ರ ಒಂದು ಸಲ ಕೈಕೊಟ್ಟಿತೆಂದು ಬಿಡಲಾದೀತೇ? "ನಿಮ್ಮವ್ವ ಇಡೀ ಆಲ್ಬಮ್ಮ ತಾನ ಹಾಡ್ತೇನಿ ಅಂತಾಳ" ಎಂದೆ, ಒಂದು ಹಾಡಿಗೆ ಇಳಿಸಲು ಅನುಕೂಲವಾಗಲಿ ಎಂದು. ಗಂಗಿ ಕಮಾನನ್ನು ಕೆಳಗಿಟ್ಟಳು.

"ಮಾಮಾ, ಖರೇ ಧಾರಣಿ ಹೇಳ್ರಿ."

ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಗೋಣಿಚೀಲದ ಗೋಡೆಗೆ ಒರಗಿ, "ನನಗ ಬೇಕಾಗಿದ್ದು ಅದನ್ರಿ" ಎಂದಳು. "ಆಕಿ ಬಂದು ಹಾಡಬೇಕಂತನ ಇತ್ತು. ಗಂಟಲದ ಬಗ್ಗೆ ಅಂಥಾ ಮಾತು ಆಡಿ ಯಾವ ಬಾಯಿಲೆ ಕೇಳ್ಲಿ? ಅದಕ್ಕ ಕ್ಯಾಸೆಟ್ಟು ಕೇಳಿದೆ." ಇಮ್ತಿಯಾಜ್ ನನ್ನ ಕಡೆ ನೋಡಿ, "ಕಾಕಾ, ನೀವು ಸುಳ್ಳು ಹೇಳಾಕ ಹೋಗಿ ಖರೇ ಹೇಳಿ ಬಂದೀರಿ" ಎಂದ. ಈ ತಪ್ಪು ನನ್ನಿಂದ ಹಿಂದೆಂದೂ ಆಗಿರಲಿಲ್ಲ.

ಅಕ್ಕ ಇಳಕಲ್ಲ ಸೀರೆ ಉಟ್ಟು, ತನ್ನ ತಂಬೂರಿಯನ್ನು ತಾನೇ ತೋಳಲ್ಲಿ ಹಿಡಿದು ಗೋದಾಮಿಗೆ ಬಂದಳು. ಬಾಗಿಲಲ್ಲೇ ಸೀನಿದಳು. ಇಮ್ತಿಯಾಜ್ ಒಳಗಿನಿಂದ, "ಅವ್ವಾರ, ಆ ಸೀನು ಛಲೋ ಬಂತ್ರಿ, ಇಟಗೋತೇನಿ" ಎಂದ. ಅವಳು ನಗಲಿಲ್ಲ. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನನ್ನು ಕೊಟ್ಟರು.

"ಈ ಟಕ್ ಟಕ್ ಅನ್ನೋದು ಏನು?"

"ಲಯ ಅವ್ವಾ" ಎಂದಳು ಗಂಗಿ.

"ಇದು ಲಯ ಅಲ್ಲ, ಲೆಕ್ಕ."

ಆದರೂ ಹಾಡಲು ನೋಡಿದಳು. ಬಡಿತ ಓಡುತ್ತಿತ್ತು, ಅಕ್ಕನ ಜೋಗುಳ ನಡೆಯುತ್ತಿತ್ತು. ಜೋಗುಳವೆಂದರೆ ಕೂಸು ಮಲಗಬೇಕು, ಎದ್ದು ಓಡಬಾರದು ಎಂದು ಅಕ್ಕ. ಇದು ಕುಣಿಯುವ ಹಾಡು, ಬಡಿತ ಇಳಿಸಿದರೆ ಸತ್ತೇ ಹೋಗುತ್ತದೆ ಎಂದು ಮಗಳು. ಸಂಗೀತದ ಬಗ್ಗೆ ಬಹಳ ಕಾಲದ ಮೇಲೆ ಆಡಿದ ಮಾತೂ ಜಗಳವೇ ಆಯಿತು. ಇಬ್ಬರೂ ಒಂದೇ ಸಲ ನನ್ನ ಕಡೆ ತಿರುಗಿದರು. ಆಹಾ, ಇದು ನನ್ನ ಹೊತ್ತು ಎಂದುಕೊಂಡೆ. "ಅರ್ಧಕ್ಕ ಅರ್ಧ ಮಾಡ್ರಿ" ಎಂದೆ. "ನೀ ಸ್ವಲ್ಪ ಏರು, ನೀ ಸ್ವಲ್ಪ ಇಳಿ."

ಮಾಡಿದರು. ಮಲಗಲೂ ಬಾರದ, ಕುಣಿಯಲೂ ಬಾರದ ಒಂದು ವಸ್ತು ಹೊರಬಂತು. ಇಮ್ತಿಯಾಜ್ ಬಹಳ ಗೌರವದಿಂದ, "ಕಾಕಾ, ಇದು ಒಂದು ಗಾಲಿ ಸಣ್ಣದಿರೋ ಚಕ್ಕಡಿ ಆತ್ರಿ" ಎಂದ. ಅಕ್ಕ ಹೆಡ್‌ಫೋನು ತೆಗೆದಿಟ್ಟಳು. ಗಂಗಿ ಮುಖ ಗೋಡೆಗೆ ಮಾಡಿ ನಿಂತಳು. ನಾನು ಟವೆಲ್ಲಿನಿಂದ ಬೆವರು ಒರೆಸಿಕೊಂಡೆ. ಕೆಟ್ಟೇ ಹೋಯಿತು ಎಂದುಕೊಂಡೆ. ತಂಬೂರಿಗೆ ಗವಸು ಹಾಕುವುದೊಂದು ಬಾಕಿ.

ಫ್ಯಾನಿನ ಗಾಳಿ ನೇರ ಅಕ್ಕನ ಕಾಲಿಗೆ ಬಡಿಯುತ್ತಿತ್ತು. "ಬಸು, ಅದನ್ನಿಷ್ಟ ಕೊಡಿಲ್ಲೆ" ಎಂದು ನನ್ನ ಟವೆಲ್ಲು ಇಸಿದುಕೊಂಡು ಮೊಣಕಾಲ ಮೇಲೆ ಹೊದ್ದುಕೊಂಡಳು. ಒಂದು ಗಳಿಗೆ ಕಣ್ಣು ಮುಚ್ಚಿದಳು. ನಂತರ, "ಬಾ ಇಲ್ಲೆ, ಕುಂದರ" ಎಂದು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕೈಯನ್ನು ಟವೆಲ್ಲಿನ ಕೆಳಗೆ ಎಳೆದುಕೊಂಡಳು. ಗಂಗಿ ಚಿಕ್ಕವಳಿದ್ದಾಗ ತಾಳ ತಪ್ಪಿದರೆ ಹೀಗೇ ಬೆರಳು ಒತ್ತಿ ತೋರಿಸುತ್ತಿದ್ದಳು. ಅಕ್ಕ ಮೆಲ್ಲಗೆ ಗುನುಗಿದಳು. ಟವೆಲ್ಲು ಒಂದು ಕಡೆ ನಿಧಾನವಾಗಿ ಉಬ್ಬಿ ಇಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆಯೂ ಅಲುಗತೊಡಗಿತು, ಸಣ್ಣಗೆ, ಬೇಗ ಬೇಗ. ಮಗಳು ತಿರುಗಿ ಒತ್ತುತ್ತಿದ್ದಳು.

ನನಗೆ ಆ ದೃಶ್ಯ ಗುರುತಿನದು. ಎರಡು ಕಲ್ಲಿನಂಥ ಮುಖ, ನಡುವೆ ಒಂದು ಬಟ್ಟೆ, ಕೆಳಗೆ ಎರಡು ಕೈ. ಆದರೆ ಧಾರಣೆ ಮಾತ್ರ ನನಗೆ ಹತ್ತಲಿಲ್ಲ. ಅಕ್ಕ ತನ್ನ ವೇಗದಿಂದ ಕೂದಲೆಳೆಯಷ್ಟೂ ಏರಲಿಲ್ಲ. ಗಂಗಿ ತನ್ನದರಿಂದ ಕೂದಲೆಳೆಯಷ್ಟೂ ಇಳಿಯಲಿಲ್ಲ. ತಾಯಿಯ ಒಂದು ಒತ್ತಿಗೆ ಮಗಳದು ನಾಲ್ಕು. ಒಂದರ ಹೊಟ್ಟೆಯಲ್ಲಿ ನಾಲ್ಕೂ ಸರಿಯಾಗಿ ಹಿಡಿಸಿ, ಮತ್ತೆ ಇಬ್ಬರೂ ಒಂದೇ ಕಡೆ ಬಂದು ಇಳಿಯುತ್ತಿದ್ದರು. ಇಮ್ತಿಯಾಜ್ ಸದ್ದು ಮಾಡದೆ ಯಂತ್ರ ಶುರು ಮಾಡಿದ್ದ. ಅಕ್ಕನ ಗುನುಗು ಹಾಡಾಯಿತು. ಎರಡೂ ಕಡೆಯವರು ಏನನ್ನೂ ಬಿಟ್ಟುಕೊಡದೆ ಕುದುರಿದ ವ್ಯವಹಾರವನ್ನು ನಾನು ಕಂಡದ್ದು ಅದೊಂದೇ, ಅದಕ್ಕೂ ದಲಾಲಿ ಬೇಕಾಗಿರಲಿಲ್ಲ.

ಹಾಡು ಮುಗಿದ ಮೇಲೆ ತಿರುಗಿ ಕೇಳಿಸಿದರು. ಒಡಕು ಇತ್ತು. ಗಾಂಧಾರದ ಜಾಗ ಬಂದಾಗ ನನ್ನನ್ನು ಬಿಟ್ಟು ಉಳಿದ ಮೂವರೂ ನೆಲ ನೋಡಿದರು. ಕ್ಯಾಸೆಟ್ಟಿನಲ್ಲಿ ಇಳಿದಂತೆಯೇ, ಅಲ್ಲಿಯೇ, ಅಷ್ಟೇ ಇಳಿದಿತ್ತು. ಇಮ್ತಿಯಾಜ್ ಅಳುಕುತ್ತ, "ಅವ್ವಾರ, ಇದೊಂದು ಸ್ವರ ಕಂಪ್ಯೂಟರಿನ್ಯಾಗ ಮ್ಯಾಲ ಎತ್ತಬಹುದ್ರಿ. ಯಾರಿಗೂ ಗೊತ್ತಾಗಾಂಗಿಲ್ಲ" ಎಂದ.

ಅಕ್ಕ ಮಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮಾಸ್ತರರ ಮಾತು ಅವಳಿಗೂ ನೆನಪಿತ್ತೆಂದು ನನಗೆ ಆಗ ಗೊತ್ತಾಯಿತು.

"ಇರಲಿ ಬಿಡಪಾ" ಎಂದಳು. "ನಮ್ಮ ಮನ್ಯಾಗ ಎಲ್ಲಾರೂ ಒಂಚೂರು ಕಡಿಮಿ ಮಾಡೇ ಕೇಳತೀವಿ."

ಗಂಗಿ ಅವ್ವನ ಮೊಣಕಾಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡಳು, ಮಡಿಚಿ ವಾಯೊಲಿನ್ನಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ತಿರುಗಿ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಮೊನ್ನೆ ಆಲ್ಬಮ್ಮು ಬಂದ ದಿನ ಅಂಗಡಿಯ ಗಾದಿಯ ಮೇಲೆ ಕುಳಿತು ಫೋನಿನಲ್ಲಿ ಹಚ್ಚಿದೆ. ಪಕ್ಕದ ಅಂಗಡಿಯ ಸಾಹುಕಾರರು ಚಹಾಕ್ಕೆ ಬಂದಿದ್ದರು. ಮೊದಲು ಸೀನುಗಳು ಬಂದಾಗ, "ಯಾರಿಗೋ ನೆಗಡಿ ಆಗೈತ್ರಿ" ಎಂದು ನಕ್ಕರು. ನಾನು ಮಾಲಿನ ಬಗ್ಗೆ ಮಾತು ತೆಗೆದೆ. ಮಾತಿನ ನಡುವೆ ಜೋಗುಳ ಬಂತು. ಅಕ್ಕನ ಒಂದು, ಗಂಗಿಯ ನಾಲ್ಕು. ಗಾಂಧಾರ ಬಂತು, ಇಳಿಯಬೇಕಾದಲ್ಲಿ ಇಳಿಯಿತು.

"ಬಸಣ್ಣಾ" ಎಂದರು ಸಾಹುಕಾರರು, ಬಸಿಯಲ್ಲಿ ಚಹಾ ಊದುತ್ತ. "ನಿಮ್ಮ ಮೊಣಕಾಲ ಯಾಕ್ರಿ ಹಂಗ ಕುಣ್ಯಾಕತ್ತೈತಿ?"

ನಾನು ಅಪ್ಪ ಕಲಿಸಿದ ಮುಖವನ್ನೇ ಇಟ್ಟುಕೊಂಡು ಈ ವರ್ಷದ ಬ್ಯಾಡಗಿ ಕಾಯಿಯ ಬಣ್ಣದ ಬಗ್ಗೆ ಮಾತಾಡುತ್ತ ಹೋದೆ. ಕಾಲಿನ ಮೇಲೆ ಹೊದಿಸಿಕೊಳ್ಳೋಣವೆಂದು ಕೈ ತಾನಾಗಿ ಹೆಗಲಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.